‘ಧರಿಸು’ ಅಂದ್ರೆ ‘ತೊಡು’ ಒಂದೇನಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಐದನೇ ಕ್ಲಾಸಿನ ಮಕ್ಕಳು ನವೋದಯ, ಮೊರಾರ್ಜಿ, ಸೈನಿಕ ಶಾಲೆ ಅಂತ ಎಂಟ್ರೆನ್ಸಿಗೆ ಕೂರೋ ಸೀಸನ್ ಬಂತು ಅಂದ್ರೆ ನಮ್ಮ ತೀರ್ಥಹಳ್ಳಿ ಕಡೆ ಜೆರಾಕ್ಸ್ ಅಂಗಡಿಯವರಿಗೆ ಸುಗ್ಗಿ. ಗಣಿತದ್ದು, ಚಿತ್ರದ್ದು, ಜಿಕೆದು ಅಂತ ಕಟ್ಟುಗಟ್ಟಲೆ ಹಾಳೆ ಬರ್ತವೆ, ಅದರೊಳಗೆ ‘ಸಮಾನಾರ್ಥಕ ಕ್ರಿಯಾಪದಗಳು’ ಅಂತ ಒಂದು ಹಾಳೆ ಖಾಯಂ. ಎಡಗಡೆ ಒಂದು ಪದ, ಬಲಗಡೆ ಒಂದು ಪದ, ಮಧ್ಯ ಈಕ್ವಲ್ ಟು. ಓಡು ಈಕ್ವಲ್ ಟು ಧಾವಿಸು, ತಿನ್ನು ಈಕ್ವಲ್ ಟು ಸೇವಿಸು, ನೋಡು ಈಕ್ವಲ್ ಟು ವೀಕ್ಷಿಸು, ಹೀಗೇ ಎರಡು ಮಗ್ಗುಲೂ ತುಂಬಿಸಿರ್ತಾರೆ. ಮಕ್ಕಳು ಅದನ್ನ ಮಗ್ಗಿ ಥರ ಹೇಳ್ಕೋತಾ ಕೂರ್ತವೆ, ನಾವು ತಂದೆತಾಯಿ ಪಕ್ಕ ಕೂತು ಹಾಳೆ ಹಿಡ್ಕೊಂಡು ಕೇಳ್ತೀವಿ, ತಪ್ಪಿದ್ರೆ ಬೈತೀವಿ. ನಿಮ್ಮ ಪೇಪರಿನ ವಿದ್ಯಾರ್ಥಿ ಪುಟದಲ್ಲೂ ಆಗಾಗ ಇದೇ ಮಾದರಿ ಬರೋದು ನೋಡಿ ಈ ಪತ್ರ ಬರೀತಿದೀನಿ, ಉದ್ದ ಆದ್ರೆ ಕತ್ತರಿಸ್ಕೊಳ್ಳಿ.

ವಿಷಯ ಏನಂದ್ರೆ ಹೋದ ತಿಂಗಳು ನನ್ನ ಮಗಳಿಗೆ ಕೋಚಿಂಗ್‌ನವರು ಕೊಟ್ಟ ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು. ‘ಧರಿಸು’ ಪದದ ಸಮಾನಾರ್ಥಕ ಯಾವುದು, ಆಯ್ಕೆಗಳು ಉಡು, ತೊಡು, ಮುಡಿ, ಹೊದೆ. ಅವಳು ಉಡು ಅಂತ ಹಾಕಿದ್ಲು, ಕೀ ಆನ್ಸರ್‌ನಲ್ಲಿ ತೊಡು ಅಂತ ಇತ್ತು, ಕೆಂಪು ಇಂಕಿನ ಇಂಟು ಬಿತ್ತು. ಅವಳು ಸುಮ್ನಿರೋಳಲ್ಲ, ಅಜ್ಜಿ ಸೀರೆ ಉಡ್ತಾರೆ ಬಳೆ ತೊಡ್ತಾರೆ ಹೂ ಮುಡೀತಾರೆ ಕಂಬಳಿ ಹೊದೀತಾರೆ, ಪುಸ್ತಕದಲ್ಲಿ ಇಷ್ಟಕ್ಕೂ ಧರಿಸು ಅಂತಾನೇ ಬರೀತಾರಲ್ಲಮ್ಮ, ನಂದು ಹೆಂಗೆ ತಪ್ಪು ಅಂತ ಕೇಳಿದ್ಲು. ನಾನೂ ಯೋಚನೆ ಮಾಡ್ದೆ, ನಾಲ್ಕೂ ಸರಿ ಇದೆ ಮಾರಾಯ್ರೆ! ಏನನ್ನ ಧರಿಸೋದು ಅಂತ ಹೇಳದೇ ಇದ್ರೆ ನಾಲ್ಕೂ ಸರಿ, ಹೇಳಿಬಿಟ್ರೆ ಒಂದೇ ಸರಿ. ‘ಮದುಮಗಳು ಜಡೆಗೆ ಮಲ್ಲಿಗೆ ಧರಿಸಿದ್ದಳು’ ಅಂತ ಒಂದು ಸಾಲು ಕೊಟ್ಟಿದ್ರೆ ಯಾವ ಮಗೂ ಉಡು ಅಂತ ಹಾಕ್ತಿರ್ಲಿಲ್ಲ, ಮುಡಿದಿದ್ದಳು ಅಂತ ಕಣ್ಣು ಮುಚ್ಚಿ ಟಿಕ್ ಮಾಡ್ತಿತ್ತು. ನಮ್ಮ ಕಡೆ ಇನ್ನೂ ಇದೆ, ಚಪ್ಪಲಿ ಮೆಟ್ಟೋದು, ಕೊಡೆ ಸೂಡೋದು ಅಂದ್ರೆ ಬಿಡಿಸಿ ಹಿಡಿಯೋದು. ಈಗಿನ ಮಕ್ಕಳ ಬಾಯಲ್ಲಿ ಎಲ್ಲದಕ್ಕೂ ‘ಹಾಕ್ಕೋ’ ಒಂದೇ ಆಗೋಗಿದೆ, ಡ್ರೆಸ್ ಹಾಕ್ಕೋ ಶೂ ಹಾಕ್ಕೋ ಹೂ ಹಾಕ್ಕೋ, ಅದು ಬೇರೆ ವಿಷ್ಯ ಬಿಡಿ.

ನಾಮಪದ ಆದ್ರೆ ಪಟ್ಟಿ ಬಾಯಿಪಾಠ ಮಾಡಿದ್ರೂ ಅಷ್ಟು ತೊಂದ್ರೆ ಇಲ್ಲ, ಸೂರ್ಯ ರವಿ ಭಾಸ್ಕರ ಎಲ್ಲಾ ಅದೇ ಸೂರ್ಯನೇ. ಕ್ರಿಯಾಪದ ಹಂಗಲ್ಲ. ಯಾರು ಮಾಡಿದ್ದು, ಯಾವುದಕ್ಕೆ ಮಾಡಿದ್ದು ಅನ್ನೋದ್ರ ಮೇಲೆ ಅದರ ಜೋಡಿ ಬದಲಾಗುತ್ತೆ. ಪಂದ್ಯ ವೀಕ್ಷಿಸಿದರು ಸರಿ, ಆದ್ರೆ ಅನ್ನ ಬೆಂದಿದ್ಯಾ ವೀಕ್ಷಿಸು ಅಂತ ಯಾರಾದ್ರೂ ಹೇಳ್ತಾರಾ? ಸೇವಿಸು ಅಂದ್ರೆ ತಿನ್ನೋದೂ ಆಗುತ್ತೆ, ಕುಡಿಯೋದೂ ಆಗುತ್ತೆ, ಗುರುಗಳ ಸೇವೆ ಮಾಡೋದೂ ಆಗುತ್ತೆ. ‘ಅರಸು’ ಅಂತ ಒಂದೇ ಪದ ಕೊಟ್ರೆ ಅದು ರಾಜಾನೋ ಹುಡುಕೋದೋ ಯಾರಿಗೆ ಗೊತ್ತು, ‘ಕಾಣೆಯಾದ ಕರುವನ್ನು ಅರಸಿದನು’ ಅಂದ್ರೆ ಗೊತ್ತಾಗುತ್ತೆ.

ತಮಾಷೆ ಏನಂದ್ರೆ ನಿಜವಾದ ಪರೀಕ್ಷೆ ಹೆಚ್ಚಿನ ಪಾಲು ಇದನ್ನೇ ಕೇಳೋದು. ನವೋದಯದ ಆರನೇ ಕ್ಲಾಸ್ ಎಂಟ್ರೆನ್ಸ್‌ನಲ್ಲಿ ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಅದ್ರಲ್ಲಿ ಭಾಷೆಗೆ 20 ಪ್ರಶ್ನೆ 25 ಅಂಕ, ಕನ್ನಡದಲ್ಲೇ ಬರೀಬಹುದು. ಆ 20 ಪ್ರಶ್ನೆ ಬರೋದು ನಾಲ್ಕು ಗದ್ಯಭಾಗದಿಂದ, ಒಂದೊಂದಕ್ಕೆ ಐದೈದು. ಅಲ್ಲಿ ಪದದ ಅರ್ಥ ಕೇಳಿದ್ರೂ ಆ ಗದ್ಯದೊಳಗೆ ಆ ಪದ ಯಾವ ಅರ್ಥದಲ್ಲಿ ಬಂದಿದೆ ಅಂತಾನೇ ನೋಡ್ಬೇಕು. ಸೈನಿಕ ಶಾಲೆಯ ಆರನೇ ಕ್ಲಾಸಿನ ಪರೀಕ್ಷೆಯಲ್ಲಿ ಭಾಷೆಗೆ 25 ಪ್ರಶ್ನೆ, 300ಕ್ಕೆ 50 ಅಂಕ, ಅಲ್ಲಿ ಸಮಾನಾರ್ಥಕ ವಿರುದ್ಧಾರ್ಥಕ ನೇರವಾಗೂ ಬರ್ತವೆ ಒಪ್ತೀನಿ. ಆದ್ರೆ ನೇರವಾಗಿ ಬಂದಾಗ್ಲೂ ಮನಸ್ಸಲ್ಲೇ ಒಂದು ವಾಕ್ಯ ಕಟ್ಟಿ, ಹಳೆ ಪದ ತೆಗೆದು ಹೊಸ ಪದ ಕೂರಿಸಿ ನೋಡೋ ಮಗು ಗೆಲ್ಲುತ್ತೆ. ಬರೀ ಪಟ್ಟಿ ಉರು ಹೊಡೆದ ಮಗು ತಾನು ಓದಿದ ಜೋಡಿ ಆಯ್ಕೆಯಲ್ಲಿ ಕಾಣ್ಲಿಲ್ಲ ಅಂದ್ರೆ ಅಲ್ಲೇ ಪೆನ್ ಕಚ್ಕೊಂಡು ಕೂರುತ್ತೆ.

ಇನ್ನೊಂದು ತೊಡಕು, ಪದ ಗೊತ್ತಿದ್ರೂ ರೂಪ ಬದಲಾದ್ರೆ ಮಕ್ಕಳಿಗೆ ಗುರುತೇ ಸಿಗಲ್ಲ. ಹಾಳೆಯಲ್ಲಿ ‘ಮೀಯು’ ಅಂತ ಇರುತ್ತೆ, ಗದ್ಯದಲ್ಲಿ ‘ತುಂಗೆಯಲ್ಲಿ ಮಿಂದು ಬಂದರು’ ಅಂತ ಇರುತ್ತೆ. ‘ಈಯು’ ಅಂದ್ರೆ ಕೊಡು ಅಂತ ಬಾಯಿಪಾಠ ಇರುತ್ತೆ, ‘ವರವನ್ನಿತ್ತನು’ ಅಂತ ಬಂದ್ರೆ ಇತ್ತು ಅನ್ನೋದ್ರ ಜತೆ ಕಲಸ್ಕೋತವೆ. ನೋಯು ನೊಂದ, ಬೇಯು ಬೆಂದ, ಸಾಯು ಸತ್ತ, ಇವೆಲ್ಲ ಹೇಳಿಕೊಡದೇ ಬರಲ್ಲ. ಹಂಗೇ ಉಣ್ಣು ಬೇರೆ ಉಣಿಸು ಬೇರೆ, ತಾಯಿ ಮಗುವಿಗೆ ಉಣಿಸಿದಳು ಅಂತಿದ್ರೆ ಆಯ್ಕೆಯಲ್ಲಿ ತಿಂದಳು ಅನ್ನೋದನ್ನ ನೋಡಿದ ಕೂಡ್ಲೇ ಹೊಡೆದು ಹಾಕ್ಬೇಕು, ತಿನ್ನಿಸಿದಳು ಹುಡುಕ್ಬೇಕು. ಪ್ರಶ್ನೆಯಲ್ಲಿ ಭೂತಕಾಲ ಇದ್ರೆ ಉತ್ತರದಲ್ಲೂ ಭೂತಕಾಲ ಇರ್ಲೇಬೇಕು. ಇಷ್ಟು ಗಮನಿಸಿದ್ರೇ ಎಷ್ಟೋ ಸಲ ನಾಲ್ಕರಲ್ಲಿ ಎರಡು ಆಯ್ಕೆ ಹಾರಿಹೋಗ್ತವೆ, ಇದನ್ನ ಯಾವ ಜೆರಾಕ್ಸ್ ಹಾಳೆಯೂ ಹೇಳಲ್ಲ.

ಮೀಯು ಅಂದೆ ನೋಡಿ, ಆ ಪದವನ್ನ ಹಾಳೆಯಲ್ಲಿ ‘ಕಠಿಣ ಪದಗಳು’ ಅಂತ ಬಾಕ್ಸ್ ಒಳಗೆ ಹಾಕಿದಾರೆ. ನಮ್ಮತ್ತೆ ದಿನಾ ಬೆಳಿಗ್ಗೆ ಹಂಡೆ ಒಲೆಗೆ ಬೆಂಕಿ ಹಾಕಿ ‘ಮಿಂದ್ಕಂಡ್ ಬಾ ಮಾರಾಯ್ತಿ, ನೀರು ಆರ್ತದೆ’ ಅಂತ ಕೂಗೋದು ಅದೇ ಪದ. ಮಲೆನಾಡಿನ ಮನೆಗಳಲ್ಲಿ ಕ್ರಿಯಾಪದಕ್ಕೇನು ಬರ. ಮಕ್ಕಳು ಎಂಟ್ರೆನ್ಸಿಗೆ ಓದೋ ಹೊತ್ತಿಗೇ ಇಲ್ಲಿ ಅಡಿಕೆ ಕೊಯ್ಲು. ಉದುರಡಿಕೆ ಹೆಕ್ಕೋದು, ಕೊನೆ (ಅಡಿಕೆ ಗೊನೆ) ಕೊಯ್ಯೋದು, ಹೊರೋದು, ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋದು, ಹಂಡೆಯಲ್ಲಿ ಬೇಯಿಸೋದು, ಬಸಿಯೋದು, ಅಟ್ಟದ ಮೇಲೆ ಹರವೋದು, ಒಣಗಿದ್ಮೇಲೆ ಆರಿಸೋದು. ಇದ್ರಲ್ಲಿ ಹೆಕ್ಕು ಆರಿಸು ಎರಡನ್ನೇ ತಗೊಳ್ಳಿ, ಹಾಳೆ ಪ್ರಕಾರ ಎರಡೂ ಒಂದೇ. ಸುಲಿಯೋ ಹೆಂಗಸರನ್ನ ಕೇಳಿ, ಬಿದ್ದಿದ್ದನ್ನೆಲ್ಲ ಬುಟ್ಟಿಗೆ ತುಂಬೋದು ಹೆಕ್ಕೋದು, ರಾಶಿ ಮುಂದೆ ಕೂತು ಒಳ್ಳೇದು ಕೆಟ್ಟದ್ದು ಬೇರೆ ಮಾಡೋದು ಆರಿಸೋದು ಅಂತಾರೆ. ಸಾಕಲ್ಲ, ಇದಕ್ಕಿಂತ ಚೆನ್ನಾಗಿ ಯಾವ ಗೈಡ್ ಹೇಳುತ್ತೆ?

ಭತ್ತದ್ದೂ ಅಷ್ಟೇ, ಒಕ್ಕೋದು ತೂರೋದು ಕೇರೋದು. ತೂರೋದು ಗಾಳಿಗೆ, ಕೇರೋದು ಮೊರದಲ್ಲಿ, ಎರಡೂ ಜೊಳ್ಳು ತೆಗೆಯೋ ಕೆಲ್ಸಾನೇ. ಮಳೆ ಬಗ್ಗೆ ಶುರು ಮಾಡಿದ್ರೆ ಮುಗಿಯಲ್ಲ. ಹನಿಯುತ್ತೆ, ಜಿನುಗುತ್ತೆ, ಸುರಿಯುತ್ತೆ, ಹೊಯ್ಯುತ್ತೆ, ಗಾಳಿ ಸೇರಿದ್ರೆ ಜಗಲಿವರೆಗೂ ರಾಚುತ್ತೆ. ಆಗುಂಬೆ ಕಡೆ ಹುಡುಗನಿಗೆ ‘ಜಿನುಗು’ ಪದಕ್ಕೆ ಸುರಿ ಅಂತ ಉತ್ತರ ಕೊಟ್ರೆ ನಕ್ಕುಬಿಡ್ತಾನೆ. ಆದ್ರೆ ಅದೇ ಹುಡುಗ ಹಾಳೆ ಮುಂದೆ ಕೂತಾಗ ಮನೆ ಮಾತು ಬೇರೆ ಪರೀಕ್ಷೆ ಮಾತು ಬೇರೆ ಅಂತ ತಿಳ್ಕೊಂಡಿರ್ತಾನೆ, ನಾವೇ ಹಂಗೆ ತಿಳಿಸಿರ್ತೀವಿ. ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಹಳ್ಳಿ ಮಕ್ಕಳಿಗೇ ಇರೋದು, ಗಾಜನೂರಿನ ನಮ್ಮ ಜಿಲ್ಲೆ ಶಾಲೆಗೂ ಅದೇ ಲೆಕ್ಕ, ಹಂಗಿದ್ದಾಗ ಆ ಮಕ್ಕಳ ಮನೆ ಮಾತಿಂದಾನೇ ತಯಾರಿ ಶುರು ಮಾಡೋಕೆ ಏನಡ್ಡಿ ಅಂತ.

ಇಂಗ್ಲಿಷಿಂದೂ ಇದೇ ಕಥೆ. ಸೀ, ಲುಕ್, ವಾಚ್ ಮೂರಕ್ಕೂ ‘ನೋಡು’ ಅಂತ ಬರೆಸಿ ಮೂರೂ ಸಿನಾನಿಮ್ಸ್ ಅಂತಾರೆ, ಟೀವಿಗೆ ಯಾಕೆ ವಾಚ್ ಅಂತಾರೆ ಅಂತ ಕೇಳಿದ್ರೆ ಉತ್ತರ ಇಲ್ಲ.

ನನ್ನ ಕೋರಿಕೆ ಇಷ್ಟೇ. ವಿದ್ಯಾರ್ಥಿ ಪುಟದಲ್ಲಿ ಮೂವತ್ತು ನಲವತ್ತು ಜೋಡಿ ತುಂಬೋ ಬದ್ಲು ವಾರಕ್ಕೆ ಐದೇ ಕ್ರಿಯಾಪದ ತಗೊಳ್ಳಿ, ಪ್ರತಿಯೊಂದಕ್ಕೂ ವಾಕ್ಯ ಕೊಡಿ, ಆ ವಾಕ್ಯದಲ್ಲಿ ಯಾವ ಪದ ಕೂರುತ್ತೆ ಯಾವುದು ಕೂರಲ್ಲ ಅಂತ ಕೇಳಿ. ಮುಂದಿನ ವಾರ ಉತ್ತರ ಹಾಕುವಾಗ ಬರೀ ಅ ಆ ಇ ಈ ಅಂತ ಅಕ್ಷರ ಹಾಕ್ಬೇಡಿ, ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ಸಾಲು ಬರೀರಿ. ನಮ್ಮಂಥೋರಿಗೆ ಬೇಕಾಗಿರೋದು ಆ ಸಾಲೇ, ಕೀ ಆನ್ಸರ್ ಎಲ್ಲಾ ಕಡೆ ಸಿಗುತ್ತೆ. ಜಿ. ವೆಂಕಟಸುಬ್ಬಯ್ಯನವರು ಪೇಪರಿನ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆಲ್ಲ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರ ಕೊಟ್ರು, ದೊಡ್ಡೋರಿಗೆ ಅಂಥ ಜಾಗ ಇತ್ತು, ಹತ್ತು ವರ್ಷದ ಮಕ್ಕಳಿಗೂ ಒಂದು ಚಿಕ್ಕ ಕಾಲಂ ಇರ್ಲಿ, ಪ್ರಶ್ನೆ ಅವರೇ ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸ್ಲಿ. ಊರೂರಿನ ಪದಾನೂ ಬರ್ಲಿ ಅದ್ರಲ್ಲಿ, ಕೊಡೆ ಸೂಡೋದು ಅಂದ್ರೆ ಬಯಲುಸೀಮೆ ಮಗುಗೂ ಗೊತ್ತಾಗ್ಲಿ.

ಎಲ್ಲಿಂದ ಶುರು ಮಾಡೋದು ಅಂತ ಅನ್ಸಿದ್ರೆ ‘ಕೇಳು’ ತಗೊಳ್ಳಿ. ಹಾಡು ಕೇಳಿದ್ರೆ ಆಲಿಸು, ದಾರಿ ಕೇಳಿದ್ರೆ ವಿಚಾರಿಸು, ಸಾಲ ಕೇಳಿದ್ರೆ ಬೇಡು, ಅಮ್ಮನ ಮಾತು ಕೇಳಿದ್ರೆ ಪಾಲಿಸು. ಇದೊಂದಕ್ಕೇ ನಿಮಗೆ ಅರ್ಧ ಪುಟ ಬೇಕಾಗುತ್ತೆ, ಜಾಹೀರಾತಿನವರ ಹತ್ರ ಸ್ವಲ್ಪ ಜಾಗ ಬಿಡಿಸ್ಕೊಳ್ಳಿ.

ಇಂತಿ,
ಐದನೇ ಕ್ಲಾಸ್ ಹುಡುಗಿಯ ತಾಯಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ