ಚಕ್ಕುಲಿ ಕಂಬಳಕ್ಕೆ ಮುಂಚೆ ನಿನಗೊಂದು ಪತ್ರ

ಪ್ರೀತಿಯ ಮಾರಾಯಾ,

ನೀನು ಹಾಕಿದ ಸ್ಟೇಟಸ್ ನೋಡಿದೆ. ಹುಬ್ಬಳ್ಳಿಯ ಸ್ಪರ್ಧೆಯಲ್ಲಿ ನಾನು ಸರ್ಟಿಫಿಕೇಟ್ ಹಿಡಿದು ನಿಂತ ಫೋಟೋ, ಕೆಳಗೆ 'ನಮ್ಮ ಶಿರಸಿ ಹುಡುಗ, ಹದಿನೇಳಕ್ಕೇ ಸ್ಟಾರ್ಟಪ್' ಅಂತ ನಿನ್ನ ಬರಹ. ಅದನ್ನು ಕಾಲೇಜಿನವರು, ಅಮ್ಮನ ಕಡೆಯವರು, ಕುಮಟೆಯ ಚಿಕ್ಕಮ್ಮ ಎಲ್ಲರೂ ಶೇರ್ ಮಾಡಿದ್ದಾರೆ. ಅಷ್ಟು ಜನ ನೋಡಿದ್ದಾರೆ, ಹಾಗಾಗಿ ಈ ಪತ್ರವನ್ನೂ ಎಲ್ಲರೂ ಓದುವ ಹಾಗೇ ಹಾಕುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನೀನು ಮೊದಲು ಬುಲ್‌ಬುಲ್ ವಿಷಯ ತೆಗೆಯುತ್ತೀಯ, ಇಬ್ಬರೂ ನಗುತ್ತೇವೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ.

ಇಲ್ಲಿ ಮೂರು ದಿನದಿಂದ ಕರೆಂಟ್ ಇಲ್ಲ. ಮಳೆ ಈಗಷ್ಟೇ ಸ್ವಲ್ಪ ಹೊಳವಾಗಿದೆ. ಸೊಪ್ಪಿನಬೆಟ್ಟದ ತುದಿಯಲ್ಲಿ ನಮ್ಮ ಅದೇ ನೇರಳೆ ಮರದ ಕೆಳಗೆ ಕೂತಿದ್ದೇನೆ, ಎರಡು ಕಡ್ಡಿ ಸಿಗ್ನಲ್ ಇದೆ. ನಮ್ಮ ಅಡಿಕೆ ದರದ ಆ್ಯಪ್‌ನ ಅರ್ಧ ಕೋಡ್ ಬರೆದದ್ದೂ ಇಲ್ಲೇ ಅಲ್ವಾ.

ಒಂಬತ್ತನೇ ಕ್ಲಾಸಿನಲ್ಲಿ ನಿನ್ನ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿಕ್ಕ ವಯಸ್ಸಿಗೇ ಹೆಸರು ಮಾಡಿದವರ ಪಟ್ಟಿ ಬರೆದುಕೊಂಡಿದ್ದೆವು, ನೆನಪಿದೆಯಾ? ಮೊದಲು ಬೆಂಗಳೂರಿನ ಸುಹಾಸ್ ಗೋಪಿನಾಥ್. ಸೈಬರ್ ಕೆಫೆಯಲ್ಲಿ ಕೂತು ವೆಬ್‌ಸೈಟ್ ಮಾಡಲು ಕಲಿತು 2000ರಲ್ಲಿ, 14ನೇ ವಯಸ್ಸಿಗೆ ಕಂಪನಿ ಶುರು ಮಾಡಿದವರು. ಆಮೇಲೆ ಲಂಡನ್ನಿನ ನಿಕ್ ಡಿ'ಅಲೋಸಿಯೊ. ಸುದ್ದಿಯನ್ನು ಚಿಕ್ಕದು ಮಾಡಿ ತೋರಿಸುವ ಸಮ್ಲಿ ಅನ್ನುವ ಆ್ಯಪ್ ಮಾಡಿ 2013ರಲ್ಲಿ ಯಾಹೂಗೆ ಮಾರಿದಾಗ ಅವನಿಗೆ 17. ಈಗ ನನಗೂ 17.

ಕೊನೆಗೌಡರನ್ನು, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರನ್ನು, ಬುಕ್ ಮಾಡುವ ಆ್ಯಪ್ ನಮ್ಮ ಮೊದಲನೆಯದು. ನಾಲ್ಕು ತಿಂಗಳು ಕಳೆದೆವು. ಸುತ್ತಲಿನ ಮೂರು ಊರಿಗೆ ಇರುವುದು ಇಬ್ಬರು ಕೊನೆಗೌಡರು, ಅವರ ನಂಬರ್ ಎಲ್ಲರ ಮನೆಯ ಕ್ಯಾಲೆಂಡರ್ ಮೇಲೂ ಬರೆದಿದೆ. 'ಊರಿಗೆ ಬೇಕಾದದ್ದು ಆ್ಯಪ್ ಅಲ್ಲ, ಇನ್ನೊಬ್ಬ ಕೊನೆಗೌಡ' ಅಂತ ಅಪ್ಪ ಹೇಳಿದ ದಿನ ಅದನ್ನು ಬಿಟ್ಟೆವು. ಅಪ್ಪ ಹೇಳಿದ್ದು ಸರಿ ಇತ್ತು.

ಆಮೇಲೆ ಅಡಿಕೆ ದರದ್ದು. ಸರ್ಕಾರದ ಅಗ್‌ಮಾರ್ಕ್‌ನೆಟ್ ವೆಬ್‌ಸೈಟಿನಲ್ಲಿ ಬರುವ ಶಿರಸಿ ಮಾರುಕಟ್ಟೆಯ ದರ ತೆಗೆದು, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಹೀಗೆ ಅಡಿಕೆಯ ಬಗೆ ಎಲ್ಲವನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕನ್ನಡಕ ಇಲ್ಲದೆ ಓದುವ ಹಾಗೆ ತೋರಿಸುವುದು. ಅಷ್ಟೇ ಕೆಲಸ. ಪ್ಲೇ ಸ್ಟೋರ್‌ನಲ್ಲಿ ಖಾತೆ ತೆರೆಯಲು 18 ಆಗಿರಬೇಕು, ಹಾಗಾಗಿ ಅಪ್ಪನ ಹೆಸರು, 25 ಡಾಲರ್ ಶುಲ್ಕ. ಬಿಡುಗಡೆಗೆ ಮುಂಚೆ 12 ಜನ 14 ದಿನ ಬಿಡದೆ ಪರೀಕ್ಷೆಗೆ ಇರಬೇಕು ಅಂತ ನಿಯಮ. ಆ ಹನ್ನೆರಡರಲ್ಲಿ ನೀನೂ ಒಬ್ಬ. ಅಡಿಕೆ ಮರವನ್ನೇ ನೋಡದ ನಿನ್ನ ಹಾಸ್ಟೆಲ್ ಹುಡುಗರು ನಾಲ್ವರು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಕಾಲೇಜಿನ ಟೆಸ್ಟ್ ನಡೆಯುತ್ತಿದ್ದ ವಾರ ಮೇಲಿನಮನೆ ಮಾವ ಐದು ಕ್ವಿಂಟಲ್ ಚಾಲಿ ಮಾರಿದರು. ಮಗಳ ಹಾಸ್ಟೆಲ್ ಫೀಸಿಗೆ ದುಡ್ಡು ಬೇಕಿತ್ತು. ಸೊಸೈಟಿಗೆ ಒಯ್ಯಲು ಮಳೆ ಬಿಡಲಿಲ್ಲ, ಹಾಗಾಗಿ ಮನೆಗೆ ಬಂದ ವ್ಯಾಪಾರಿಗೇ ಕೊಟ್ಟರು. ಮರುದಿನ ನನ್ನನ್ನು ಕರೆದು ಕೂರಿಸಿದರು. 'ನಿನ್ನ ಆ್ಯಪ್ ನೋಡಿ ಕೊಟ್ಟಿದ್ದು ತಮಾ, ಚೊಲೋ ರೇಟ್ ಬಂತು' ಅಂದರು. ಫೋನ್ ತೋರಿಸಿದ ಕೂಡಲೇ ವ್ಯಾಪಾರಿ ಚೌಕಾಸಿ ಮಾಡದೆ ಒಪ್ಪಿದನಂತೆ. ಅತ್ತೆ ಕಷಾಯ ಕೊಟ್ಟರು. ನನಗೆ ಎಷ್ಟು ಖುಷಿಯಾಯಿತು ಅಂದರೆ ಮನೆಗೆ ಓಡಿಕೊಂಡೇ ಬಂದೆ.

ಹುಬ್ಬಳ್ಳಿಯ ಸ್ಪರ್ಧೆಗೆ ಇದನ್ನೇ ಸ್ಲೈಡ್ ಮಾಡಬೇಕು ಅನ್ನಿಸಿತು. 'ಒಬ್ಬ ರೈತ ನಮ್ಮ ದರ ನೋಡಿ ಐದು ಕ್ವಿಂಟಲ್ ಮಾರಿದರು.' ಅದರ ಕೆಳಗೆ ಅವತ್ತಿನ ದರ ಹಾಕೋಣ ಅಂತ ಹುಡುಕಿದೆ. ಆಗ ಗೊತ್ತಾಯಿತು. ದರ ತರುವ ಪ್ರೋಗ್ರಾಂ, ಕಾಲೇಜಿನ ಟೆಸ್ಟ್ ಶುರುವಾಗುವ ಮುಂಚೆಯೇ ನಿಂತಿತ್ತು. ಮಾವ ಮಾರಿದ ದಿನಕ್ಕೆ ನಮ್ಮ ದರ ಆರು ದಿನ ಹಳೆಯದು. ಆದರೆ ಮೇಲೆ ಕಾಣುವ ದಿನಾಂಕವನ್ನು ನಾನು ಫೋನಿನ ಗಡಿಯಾರದಿಂದ ತೆಗೆದುಕೊಂಡಿದ್ದೆ. ಹಾಗಾಗಿ 'ಇಂದಿನ ದರ' ಅಂತ, ಅವತ್ತಿನದೇ ತಾರೀಕು ಹಾಕಿಕೊಂಡು, ಹಳೆಯ ದರ ಕೂತಿತ್ತು. ಅಷ್ಟರಲ್ಲಿ ಚಾಲಿ ಕ್ವಿಂಟಲಿಗೆ 1,200 ರೂಪಾಯಿ ಏರಿತ್ತು. ಐದು ಕ್ವಿಂಟಲಿಗೆ 6,000. ವ್ಯಾಪಾರಿ ಯಾಕೆ ಚೌಕಾಸಿ ಮಾಡಲಿಲ್ಲ ಅಂತ ಆಗ ಅರ್ಥವಾಯಿತು.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ದರದ ಜೊತೆ ಬರುವ ತಾರೀಕನ್ನೇ ತೋರಿಸುವುದು, ಹಳೆಯದಾದರೆ ಕೆಂಪು ಅಕ್ಷರದಲ್ಲಿ ಹೇಳುವುದು. ಅಪ್‌ಡೇಟ್ ಟಿಪ್ಪಣಿಯಲ್ಲಿ 'ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ' ಅಂತ ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ. ನನ್ನ ಫೋನಿನಲ್ಲೂ ವಾರಕ್ಕೆ ಹತ್ತು ಸಲ ಆ ಸಾಲು ನೋಡುತ್ತೇನೆ, ಯಾವತ್ತೂ ಏನೂ ಅನ್ನಿಸಿರಲಿಲ್ಲ. ಈಗ ಅದನ್ನು ಓದಲು ಆಗುವುದಿಲ್ಲ.

ಇಷ್ಟು ಬರೆದು ನಿಲ್ಲಿಸಬೇಕು ಅಂದುಕೊಂಡಿದ್ದೆ.

ಆದರೆ ಆ ಸ್ಲೈಡ್ ನಾನು ತೆಗೆಯಲಿಲ್ಲ. ಎಲ್ಲ ಗೊತ್ತಿದ್ದೂ ಹುಬ್ಬಳ್ಳಿಯಲ್ಲಿ ತೋರಿಸಿದೆ. ಆ ಸ್ಲೈಡಿಗೇ ಜಾಸ್ತಿ ಚಪ್ಪಾಳೆ ಬಂತು. ನೀನು ಹಾಕಿದ ಫೋಟೋ ಅದಾದ ಅರ್ಧ ಗಂಟೆಗೆ ತೆಗೆದದ್ದು. ಇನ್ನೊಂದು, 'ಐನೂರು ರೈತರು' ಅಂದೆ. ಇದ್ದದ್ದು 63 ಫೋನ್. ಅದರಲ್ಲಿ ನೀನೂ ನಿನ್ನ ಹಾಸ್ಟೆಲ್ಲಿನವರೂ ಸೇರಿದ್ದೀರಿ.

18 ಆಗದವರ ಕರಾರು ಕಾನೂನಿನಲ್ಲಿ ನಡೆಯುವುದಿಲ್ಲ. ನನ್ನ ಸಹಿ ಯಾರಿಗೂ ಬೇಡ ಅಂತ ನಾವು ಎಷ್ಟು ಬೇಜಾರು ಮಾಡಿಕೊಂಡಿದ್ದೆವು. ಮಾವ ಸಹಿಯನ್ನೂ ಕೇಳಲಿಲ್ಲ, ವಯಸ್ಸನ್ನೂ ಕೇಳಲಿಲ್ಲ. ಆ ದರ ನಾನು ಹಾಕಿದ್ದು, ನಾನು ಪಕ್ಕದ ಮನೆಯ ಹುಡುಗ, ಅಷ್ಟಕ್ಕೇ ನಂಬಿದರು. ರಾತ್ರಿ ನಿದ್ದೆ ಬಾರದೆ ಮತ್ತೆ ಆ ಸಮ್ಲಿಯ ಕಥೆ ಓದಿದೆ. ಯಾಹೂ ಅದನ್ನು ಕೊಂಡು, ಆ್ಯಪ್ ಮುಚ್ಚಿತು. ಒಂಬತ್ತನೇ ಕ್ಲಾಸಿನಲ್ಲಿ ನಾವು ಓದಿದ್ದು ಎಷ್ಟು ಕೋಟಿ ಬಂತು ಅನ್ನುವುದನ್ನು ಮಾತ್ರ. ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಿದ್ದವರು ಮರುದಿನ ಏನು ಮಾಡಿದರು ಅಂತ ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬಹುಮಾನ ಬಂದದ್ದು ದುಡ್ಡಲ್ಲ, ಸರ್ವರ್ ಕ್ರೆಡಿಟ್, ಅಂದರೆ ಸರ್ವರ್ ಬಾಡಿಗೆಗೆ ಮಾತ್ರ ಆಗುವಂಥದ್ದು. ಮಾವನ ಆ 6,000ಕ್ಕೆ ನನ್ನ ಹತ್ತಿರ 2,300 ರೂಪಾಯಿ ಇದೆ. ಉಳಿದದ್ದನ್ನು ಕೊಯ್ಲಿನ ಹೊತ್ತಿಗೆ ಅವರ ಮನೆಯಲ್ಲಿ ಅಡಿಕೆ ಹೆಕ್ಕಿಯಾದರೂ ತೀರಿಸಬೇಕು. ಮಾವ ಬೇಡ ಅನ್ನುತ್ತಾರೆ, ನನಗೆ ಗೊತ್ತು, ಅದನ್ನು ನೆನೆಸಿಕೊಂಡರೇ ಹೆಚ್ಚು ಕಷ್ಟವಾಗುತ್ತದೆ. ಅವರು ಇಂಥದ್ದೆಲ್ಲ ಓದುವುದಿಲ್ಲ. ಆದರೆ ಅವರ ಮಗಳು ಓದುತ್ತಾಳೆ. ಇದು ಈಗ ಹೊಳೆಯಿತು. ಅಂದರೆ ಪೋಸ್ಟ್ ಒತ್ತುವ ಮುಂಚೆ ಬೆಟ್ಟ ಇಳಿದು ಮೊದಲು ಅಲ್ಲಿಗೇ ಹೋಗಬೇಕು. ನೀನು ಇದನ್ನು ಓದುತ್ತಿದ್ದೀಯ ಅಂದರೆ ಹೋಗಿ ಬಂದೆ ಅಂತ ತಿಳಿ.

ಸಾಕು ಮಾರಾಯಾ. ಭಾನುವಾರ ಮೇಲಿನಮನೆಯಲ್ಲೇ ಚಕ್ಕುಲಿ ಕಂಬಳ. ಚೌತಿಗೆ ಚಕ್ಕುಲಿ ಸುತ್ತಲು ಊರಿನವರೆಲ್ಲ ಒಟ್ಟಿಗೆ ಬರುತ್ತಾರೆ. ಚೌತಿವರೆಗೆ ಕಾಯಬೇಡ, ಶನಿವಾರ ರಾತ್ರಿಯ ಬಸ್ಸಿಗೇ ಹೊರಡು. ಹೋದ ವರ್ಷದ ನಿನ್ನ ತ್ರಿಕೋನ ಚಕ್ಕುಲಿಯನ್ನು ಅತ್ತೆ ಇನ್ನೂ ಮರೆತಿಲ್ಲ, ಈ ಸಲ ನಿನಗೆ ಹಿಟ್ಟು ನಾದುವ ಕೆಲಸ ಮಾತ್ರ ಅಂತೆ. ಪವರ್ ಬ್ಯಾಂಕ್ ತಾ. ಆ ಛತ್ರಿಯನ್ನೂ ತಾ, ಯಾವುದು ಅಂತ ಕೇಳಬೇಡ.

ಮತ್ತೆ ಹನಿ ಶುರುವಾಯಿತು. ಚಾರ್ಜ್ 9 ಇದೆ. ಇಳಿಯುತ್ತೇನೆ.

ನಿನ್ನ,
ಬುಲ್‌ಬುಲ್ ಪಾರ್ಟಿ ನಂ. 2