ನೆರಳಿಲ್ಲದಿದ್ದರೆ ಕಾಲು ಬೆಲೆ

ಈಸ್ಟ್ ಬಾಸ್ಟನ್
ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಫೋಟೊ ಸ್ಟುಡಿಯೊ ಖಾಲಿ ಮಾಡುವಾಗ ಹಿನ್ನೆಲೆಯ ಪರದೆ, ದರದ ಹಲಗೆ ಎಲ್ಲವನ್ನೂ ಗುಜರಿಗೆ ಹಾಕುತ್ತೇನೆ ಎಂದು ಫೋನಿನಲ್ಲಿ ಹೇಳಿದಿರಿ. ಅವಸರ ಮಾಡಬೇಡಿ, ಮೊದಲು ಇದನ್ನು ಓದಿ.

ನನ್ನ ಮನೆಯ ಹತ್ತಿರ ಟ್ರೆಂಟನ್ ಬೀದಿ ಎಂದಿದೆ. 1840ರ ದಶಕದಲ್ಲಿ ಅಲ್ಲಿ ವಿಲಿಯಂ ಮ್ಯಾಥ್ಯೂ ಪ್ರಯರ್ ಎಂಬ ಚಿತ್ರಕಾರ ಮನೆ ಮಾಡಿ, ಅದಕ್ಕೆ ‘ಚಿತ್ರ ಬರೆಯುವ ಅಟ್ಟ’ ಎಂದೇ ಹೆಸರಿಟ್ಟಿದ್ದ. ಹುಟ್ಟಿದ್ದು 1806ರಲ್ಲಿ, ಮೇನ್ ರಾಜ್ಯದ ಬಾತ್ ಎಂಬ ಊರಿನಲ್ಲಿ. ಮೊದಮೊದಲು ಜನರ ಹಳೆಯ ಚಹಾ ತಟ್ಟೆಗಳಿಗೆ ಮೆರುಗು ಹಚ್ಚಿ ಅಲಂಕರಿಸಿಕೊಡುತ್ತಿದ್ದ. ಆಮೇಲೆ ಮುಖ ಬರೆಯುವುದಕ್ಕೆ ಕೈಹಾಕಿದ.

ನಿಮಗೆ ಹೇಳಬೇಕೆನಿಸಿದ್ದು ಅವನ ದರದ ವಿಷಯ. ಚಪ್ಪಟೆ ಚಿತ್ರ ಸಾಕೆನ್ನುವವರಿಗೆ ನೆರಳು ಹಾಕದೆ ಕಾಲು ಬೆಲೆಗೆ ಬರೆದುಕೊಡುತ್ತೇನೆ ಎಂದು 1831ರಲ್ಲೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದ! ಬಾಸ್ಟನ್ನಿಗೆ ಬಂದ ಮೇಲೆ ಚಿತ್ರದ ಬೆನ್ನಿಗೆ ಚೀಟಿ ಅಂಟಿಸತೊಡಗಿದ. ಸುಮಾರು ಒಂದು ಗಂಟೆ ಕುಳಿತರೆ ಸಾಕು, ಕಟ್ಟು, ಗಾಜು ಸೇರಿ 2 ಡಾಲರ್ 92 ಸೆಂಟ್. ಮೂರು ಡಾಲರ್ ಎಂದು ಬಾಯಿಬಿಟ್ಟು ಹೇಳಲಿಲ್ಲ ನೋಡಿ. ನಮ್ಮ ಪೇಟೆಯ ಚಪ್ಪಲಿ ಅಂಗಡಿಯ 99 ರೂಪಾಯಿ 95 ಪೈಸೆ ನೆನಪಾಗಿ ಒಬ್ಬಳೇ ನಕ್ಕೆ.

ಚಪ್ಪಟೆ ಚಿತ್ರದಲ್ಲಿ ಮೂಗಿನ ಪಕ್ಕಕ್ಕೆ ಒಂದು ಗೆರೆ, ಕೆನ್ನೆಗೆ ಒಂದೇ ಬಣ್ಣ, ಅಷ್ಟಕ್ಕೇ ಮುಗಿಯಿತು. ಬಾರದೆ ಹೀಗೆ ಬರೆದನೇನೋ ಎಂದು ನೋಡಿದವರಿಗೆ ಅನ್ನಿಸುತ್ತದೆ. ಅದು ತಪ್ಪು. ಪೂರ್ತಿ ಹಣ ಕೊಟ್ಟವರಿಗೆ ನೆರಳು ಬೆಳಕು ಎಲ್ಲ ಸೇರಿಸಿ ಬರೆಯುತ್ತಿದ್ದ. ನಿಮ್ಮಲ್ಲೂ ಹೆಚ್ಚು ಕೊಟ್ಟವರ ಸಿಡುಬಿನ ಕಲೆ ಮಾತ್ರ ತಾನೇ ನೆಗೆಟಿವ್‌ನಲ್ಲೇ ಮಾಯವಾಗುತ್ತಿದ್ದದ್ದು?

ಜಾರ್ಜ್ ವಾಷಿಂಗ್ಟನ್ನನ ಮುಖ ಬರೆದು ಹೆಸರಾದ ಗಿಲ್ಬರ್ಟ್ ಸ್ಟೂವರ್ಟ್ ಎಂದರೆ ಇವನಿಗೆ ಪ್ರಾಣ. ಮಗನಿಗೂ ಅದೇ ಹೆಸರಿಟ್ಟ. ಆ ವಾಷಿಂಗ್ಟನ್ ಚಿತ್ರವನ್ನು ಗಾಜಿನ ಹಿಂಬದಿಗೆ ನಕಲು ಬರೆದು ಮಾರುತ್ತಿದ್ದ. ಅಜ್ಜಿಯ ದೇವರ ಕೋಣೆಯ ಗಾಜಿನ ಕೃಷ್ಣನ ಪಟದಂತೆಯೇ: ಬೇರೆ ಚಿತ್ರಗಳಲ್ಲಿ ಎಲ್ಲಕ್ಕಿಂತ ಕೊನೆಯಲ್ಲಿ ಹಚ್ಚುವ ಕಣ್ಣಿನ ಮಿಂಚನ್ನು ಇಲ್ಲಿ ಮೊದಲು ಹಚ್ಚಬೇಕು, ಹಿನ್ನೆಲೆಯನ್ನು ಕೊನೆಗೆ. ಒಮ್ಮೆ ತಪ್ಪಿದರೆ ತಿದ್ದುವಂತಿಲ್ಲ.

ಇಲ್ಲಿನ ಕಲಾ ಸಂಗ್ರಹಾಲಯದಲ್ಲಿ ಅವನು 1854ರಲ್ಲಿ ಬರೆದ ಕಾಪ್ಲನ್ ಮನೆತನದ ಮೂವರು ಅಕ್ಕತಂಗಿಯರ ಚಿತ್ರವಿದೆ. ಕಪ್ಪು ಜನಾಂಗದ ಹುಡುಗಿಯರು, ಒಬ್ಬರಿಗೊಬ್ಬರು ಅಂಟಿ ನಿಂತು ನೇರವಾಗಿ ನಮ್ಮನ್ನೇ ನೋಡುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಇನ್ನೂ ಮನುಷ್ಯರನ್ನು ಹರಾಜು ಹಾಕುತ್ತಿದ್ದ ಕಾಲ ಅದು. 1843ರಲ್ಲಿ ಅದೇ ಜನಾಂಗದ ಬಟ್ಟೆ ವ್ಯಾಪಾರಿ ವಿಲಿಯಂ ಲಾಸನ್ ಮತ್ತು ಅವನ ಹೆಂಡತಿ ನ್ಯಾನ್ಸಿಯನ್ನೂ ಬರೆದಿದ್ದಾನೆ. ಲಾಸನ್ ಕೈಯಲ್ಲಿ ಚುಟ್ಟ ಹಿಡಿದು ಸಾಹುಕಾರನ ಠೀವಿಯಲ್ಲಿ ಕುಳಿತಿದ್ದಾನೆ. ಅಪಹಾಸ್ಯದ ಸುಳಿವೂ ಇಲ್ಲ. ಗಿರಾಕಿಯನ್ನು ಗಿರಾಕಿಯಂತೆ ಕಂಡವನ ಕೈ ಎಂದು ನನಗೆ ತೋರಿತು.

ಪ್ರಳಯ ಬಂತೆಂದು ಸಾರಿದ ವಿಲಿಯಂ ಮಿಲ್ಲರ್ ಎಂಬ ಪ್ರಚಾರಕನನ್ನೂ ನಂಬಿ, ಅವನ ಮುಖವನ್ನೂ ಬರೆದ. 1844 ಕಳೆಯಿತು, ಪ್ರಳಯ ಬರಲಿಲ್ಲ. ಬಂದದ್ದು ಕ್ಯಾಮೆರಾ. ಆದರೂ ಇವನು ಕುಂಚ ಬಿಡದೆ 1873ರವರೆಗೆ ಬಾಳಿದ.

ಅವನ ದರ ನಮಗೆ ಗೊತ್ತಾಗಿರುವುದು ಯಾರೋ ಆ ಚೀಟಿಯನ್ನು ಕಿತ್ತು ಎಸೆಯದೆ ಬಿಟ್ಟಿದ್ದರಿಂದ. ‘ಬಣ್ಣ ಹಚ್ಚಿದರೆ ದರ ಬೇರೆ’ ಎಂದು ನೀವೇ ಬರೆದ ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ, ಬಂದಾಗ ನಾನು ತೆಗೆದುಕೊಂಡು ಹೋಗುತ್ತೇನೆ. ಪರದೆಯನ್ನು ಬೇಕಾದರೆ ಕೊಟ್ಟುಬಿಡಿ. ಆ ತಾಜಮಹಲಿನ ಮುಂದೆ ಎರಡು ಜಡೆ ಹಾಕಿ ಕೂರಿಸಿದ ನನ್ನ ಫೋಟೊ ಕಂಡರೆ ಇಂದಿಗೂ ನಾಚಿಕೆಯಾಗುತ್ತದೆ.

ಇತಿ,
ನಿಮ್ಮ ಮಗಳು