ಚಿತ್ರವೇ ಮೂಡದ ಪ್ರಶ್ನೆಗೆ ತಪ್ಪು ಗುರುತು ಹಾಕುವುದು ಯಾವ ನ್ಯಾಯ?

ಮಾನ್ಯ ಸಂಪಾದಕರೇ,

ಶನಿವಾರದ ಆನ್‌ಲೈನ್ ಆಪ್ಟಿಟ್ಯೂಡ್ ಪರೀಕ್ಷೆಯ ಗೊಂದಲದ ಬಗ್ಗೆ ನಿಮ್ಮ ವರದಿ ಓದಿದೆ. ‘ಕೆಲಕಾಲ ಸಣ್ಣ ತಾಂತ್ರಿಕ ತೊಂದರೆ ಇತ್ತು, ಮಕ್ಕಳ ಫಲಿತಾಂಶಕ್ಕೆ ಧಕ್ಕೆಯಾಗಿಲ್ಲ’ ಎಂಬ ಅಧಿಕಾರಿಯ ಹೇಳಿಕೆಯನ್ನು ಒಂದು ಮರುಪ್ರಶ್ನೆಯನ್ನೂ ಕೇಳದೆ ಅಚ್ಚುಹಾಕಿದ್ದೀರಿ. ಮಗುವಿನ ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆ ಬದಲಾಗುವ ಇಂಥ ಅಡಾಪ್ಟಿವ್ ಪರೀಕ್ಷೆಯಲ್ಲಿ ಅಂಕ ಹೇಗೆ ಹುಟ್ಟುತ್ತದೆ ಎಂದು ಬಲ್ಲವರು ಯಾರೂ ಆ ಮಾತು ಆಡಲಾರರು.

ಆಕೃತಿಗಳ ವಿಭಾಗದಲ್ಲಿ 12 ಪ್ರಶ್ನೆ, ಒಂದೊಂದಕ್ಕೆ 60 ಸೆಕೆಂಡು. ನಾಲ್ಕನೇ ಪ್ರಶ್ನೆಗೆ ಬರುವಾಗ ಚಿತ್ರಗಳು ಮೂಡುವುದು ನಿಂತಿತು. ಪರದೆಯ ಮೇಲೆ ನಾಲ್ಕು ಖಾಲಿ ಚೌಕ, ಕೆಳಗೆ ‘ಮುಂದೆ’ ಎಂಬ ಗುಂಡಿ, ಮೂಲೆಯಲ್ಲಿ ಓಡುತ್ತಿರುವ ಟೈಮರ್. ಅರವತ್ತು ಸೆಕೆಂಡು ಮುಗಿದದ್ದೇ ಪುಟ ತಾನೇ ಮುಂದಕ್ಕೆ ಹೋಯಿತು. ಹೀಗೆ ಮೂರು ಪ್ರಶ್ನೆ ಕಳೆದುಹೋದವು. ಪುಟವನ್ನು ರಿಫ್ರೆಶ್ ಮಾಡಿದ ಮಕ್ಕಳು ಲಾಗ್‌ಔಟ್ ಆದರು. ಮತ್ತೆ ಒಟಿಪಿ, ಮತ್ತೆ ಕ್ಯಾಪ್ಚಾ, ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಹೋಯಿತು. ಏಕೆಂದರೆ ಟೈಮರ್ ಸರ್ವರ್‌ನಲ್ಲಿ ಓಡುತ್ತಲೇ ಇತ್ತು. ಸಂಜೆ ಕೈಸೇರಿದ ವರದಿಯಲ್ಲಿ ‘ಉತ್ತರಿಸಿದ್ದು 12’ ಎಂದೇ ಇದೆ. ಅಂದರೆ ಮಗು ಕಣ್ಣಿನಿಂದ ನೋಡಿಯೇ ಇಲ್ಲದ ಪ್ರಶ್ನೆಗಳೂ ತಪ್ಪು ಉತ್ತರಗಳಾಗಿ ಲೆಕ್ಕಕ್ಕೆ ಸೇರಿವೆ.

ಮಾಮೂಲಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟುಹೋದರೆ ಒಂದು ಅಂಕ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಮೊದಲ ಪ್ರಶ್ನೆ ಮಧ್ಯಮ ಮಟ್ಟದ್ದು. ಸರಿ ಮಾಡಿದರೆ ಮುಂದಿನದು ಕಷ್ಟದ್ದು, ತಪ್ಪಿದರೆ ಸುಲಭದ್ದು. ಪ್ರತಿ ಉತ್ತರದ ನಂತರ ಯಂತ್ರ ಮಗುವಿನ ಸಾಮರ್ಥ್ಯವನ್ನು ಹೊಸದಾಗಿ ಅಂದಾಜು ಮಾಡಿ, ಆ ಮಟ್ಟಕ್ಕೆ ಹತ್ತಿರದ ಪ್ರಶ್ನೆಯನ್ನು ಆರಿಸಿಕೊಳ್ಳುತ್ತದೆ. ಮೂರು ಖಾಲಿ ಚೌಕಗಳನ್ನು ಮೂರು ತಪ್ಪೆಂದು ನಂಬಿದ ಯಂತ್ರ ಐದಾರು ಪ್ರಶ್ನೆಗಳಲ್ಲೇ ಮಗುವನ್ನು ಕೆಳಗಿಳಿಸಿಬಿಡುತ್ತದೆ. ಉಳಿದ ಪ್ರಶ್ನೆಗಳೆಲ್ಲ ಆ ಮಗುವಿನ ಮಟ್ಟಕ್ಕಿಂತ ಸುಲಭವಾಗುತ್ತವೆ. ತೀರಾ ಸುಲಭವಾದ ಪ್ರಶ್ನೆಯಿಂದ ಮಗುವಿನ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಹಾಗಾಗಿ ಮೇಲೇರಿ ಬರುವಷ್ಟರಲ್ಲಿ 12 ಪ್ರಶ್ನೆ ಮುಗಿದಿರುತ್ತವೆ. ಹಿಂದಕ್ಕೆ ಹೋಗಿ ತಿದ್ದಲು ಅವಕಾಶವೇ ಇಲ್ಲ, ಮುಂದಿನ ಪ್ರಶ್ನೆ ಹಿಂದಿನ ಉತ್ತರದ ಮೇಲೆ ನಿಂತಿರುವುದರಿಂದ.

ಧಕ್ಕೆ ಎಷ್ಟು ಎಂದು ಲೆಕ್ಕ ಹಾಕಿಯೇ ಹೇಳಬಹುದು. ಇಂಥ ಪರೀಕ್ಷೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ರಾಶ್ ಮಾದರಿ ಎಂಬುದಿದೆ; ಮಗುವಿನ ಸಾಮರ್ಥ್ಯವನ್ನೂ ಪ್ರಶ್ನೆಯ ಕಷ್ಟವನ್ನೂ ಒಂದೇ ಅಳತೆಗೋಲಿನ ಮೇಲಿಟ್ಟು ಉತ್ತರ ಸರಿಯಾಗುವ ಸಂಭವವನ್ನು ಹೇಳುವ ಗಣಿತ ಸೂತ್ರ ಅದು. ಅದರಲ್ಲಿ, ಮಗುವಿನ ಮಟ್ಟಕ್ಕೆ ಪೂರ್ತಿ ಹೊಂದುವ ಒಂದು ಪ್ರಶ್ನೆ ಕೊಡಬಲ್ಲ ಗರಿಷ್ಠ ‘ಮಾಹಿತಿ’ (ಅಂದಾಜನ್ನು ಎಷ್ಟು ಖಚಿತಗೊಳಿಸುತ್ತದೆ ಎಂಬುದರ ಅಳತೆ) 0.25. ಹನ್ನೆರಡಕ್ಕೆ ಒಟ್ಟು 3. ಒಂದು ಉತ್ತರ ಸರಿಯಿಂದ ತಪ್ಪಿಗೆ ತಿರುಗಿದರೆ ಅಂದಾಜು ಆ ಅಳತೆಗೋಲಿನ ಮೇಲೆ ಸುಮಾರು 1/3, ಅಂದರೆ 0.33 ಘಟಕ ಕೆಳಗಿಳಿಯುತ್ತದೆ. ಮೂರು ತಿರುಗಿದರೆ ಹೆಚ್ಚುಕಡಿಮೆ 1 ಘಟಕ. ಮಕ್ಕಳ ಸಾಮರ್ಥ್ಯದ ಮಾನಕ ವಿಚಲನೆಯೂ (ಸರಾಸರಿಯಿಂದ ಮಕ್ಕಳು ಎಷ್ಟು ಚದುರಿದ್ದಾರೆ ಎಂಬ ಅಳತೆ) 1 ಎಂದಿಟ್ಟುಕೊಂಡರೆ, 50ನೇ ಪರ್ಸೆಂಟೈಲ್‌ನಲ್ಲಿ, ಅಂದರೆ ನೂರರಲ್ಲಿ ಐವತ್ತು ಮಕ್ಕಳಿಗಿಂತ ಮುಂದೆ, ಇರಬೇಕಾದ ಮಗು 16ಕ್ಕೆ ಬೀಳುತ್ತದೆ. ಇದು ಸಣ್ಣ ತೊಂದರೆಯೇ? ಖಾಲಿ ಚೌಕದ ಮೇಲೇ ಕಣ್ಣುಮುಚ್ಚಿ ಒತ್ತಿದ ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ಅದೃಷ್ಟವಾದರೂ ಇತ್ತು. ಚಿತ್ರ ಬಂದೀತೆಂದು ಪ್ರಾಮಾಣಿಕವಾಗಿ ಕಾದು ಕುಳಿತ ಮಗುವಿಗೆ ಅದೂ ಇಲ್ಲ.

ಇನ್ನೂ ಒಂದು ಮಾತು. ನೆಟ್‌ವರ್ಕ್ ಚೆನ್ನಾಗಿಯೇ ಇದ್ದಿದ್ದರೂ 12 ಪ್ರಶ್ನೆಗಳಿಂದ ಪರ್ಸೆಂಟೈಲ್ ಬರೆದುಕೊಡುವುದು ತಪ್ಪು. ಮಾಹಿತಿ 3 ಎಂದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜು ಎಷ್ಟು ಆಚೀಚೆಯಾಗಬಹುದು ಎಂಬ ಅಳತೆ, 0.58. ವರದಿಯಲ್ಲಿ 50 ಎಂದು ಬರೆದ ಮಗುವಿನ ನಿಜವಾದ ಸ್ಥಾನ, ಶೇ 95ರ ಭರವಸೆಯಲ್ಲಿ ಹೇಳುವುದಾದರೆ, 13ರಿಂದ 87ರವರೆಗೆ ಎಲ್ಲಾದರೂ ಇರಬಹುದು. ಎರರ್ 0.3ಕ್ಕೆ ಇಳಿಯಬೇಕಿದ್ದರೆ ಇದೇ ಮಾದರಿಯಲ್ಲಿ ಕನಿಷ್ಠ 45 ಪ್ರಶ್ನೆ ಬೇಕು. ಆದರೆ ನಮ್ಮ ಕೈಗೆ ಬಂದ ವರದಿಯಲ್ಲಿ ಏನಿದೆ? ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ‘ತಾರ್ಕಿಕ ಸಾಮರ್ಥ್ಯ: ದುರ್ಬಲ’ ಎಂಬ ಷರಾ. ಎರರ್ ಎಂಬ ಪದವೇ ಇಲ್ಲ. ಈ ಗಣಿತಕ್ಕೆ ತಳಪಾಯ ಹಾಕಿದ ರಾಶ್ ಅವರ ದೇಶವಾದ ಡೆನ್ಮಾರ್ಕ್ 2010ರಿಂದ ಶಾಲಾ ಮಕ್ಕಳಿಗೆ ಇಂಥ ಅಡಾಪ್ಟಿವ್ ರಾಷ್ಟ್ರೀಯ ಪರೀಕ್ಷೆಗಳನ್ನು ನಡೆಸಿದಾಗ, ಒಬ್ಬೊಬ್ಬ ಮಗುವಿನ ಅಂಕದಲ್ಲಿರುವ ಅನಿಶ್ಚಿತತೆಯ ಬಗ್ಗೆ ಅಲ್ಲಿನ ಪರಿಣತರೇ ಕಟುವಾಗಿ ಬರೆದರು. ನಮ್ಮವರು ಅದನ್ನು ಪೋಷಕರಿಗೆ ಹೇಳುವ ಸೌಜನ್ಯವನ್ನೂ ತೋರಿಸುತ್ತಿಲ್ಲ.

ಮಕ್ಕಳಿಗೂ ಹೇಳಿರಲಿಲ್ಲ. ಸರಿಯಾಗಿ ನಡೆದ ಅಡಾಪ್ಟಿವ್ ಪರೀಕ್ಷೆಯಲ್ಲಿ ಜಾಣ ಮಗುವಿಗೂ ಅರ್ಧದಷ್ಟು ಪ್ರಶ್ನೆ ತಪ್ಪುವುದು ಸಹಜ, ಪರೀಕ್ಷೆಯ ರಚನೆಯೇ ಹಾಗಿರುತ್ತದೆ. ತರಗತಿಯಲ್ಲಿ ನೂರಕ್ಕೆ ತೊಂಬತ್ತು ತೆಗೆದು ರೂಢಿಯಿರುವ ಮಕ್ಕಳು ‘ನನಗೇನೂ ಬರಲಿಲ್ಲ’ ಎಂದು ಅಳುತ್ತಾ ಎದ್ದುಬಂದರು. ಹಿಂದಿನ ವಾರದ ಅಣಕು ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಐದು ಸುಲಭ ಪ್ರಶ್ನೆ ಕೊಟ್ಟಿದ್ದರು. ಅದರಿಂದ ಏನು ಅಭ್ಯಾಸವಾದಂತಾಯಿತು?

ಮಾತಿನ ವಿಭಾಗದ ಅನುವಾದದ ಬಗ್ಗೆಯೂ ಹೇಳಲೇಬೇಕು. ಇಂಗ್ಲಿಷಿನಲ್ಲಿ ಎ, ಸಿ, ಎಫ್, ಜೆ ಕೊಟ್ಟು ಮುಂದಿನ ಅಕ್ಷರ ಕೇಳಿದರೆ ಉತ್ತರ ಓ. ಎರಡು, ಮೂರು, ನಾಲ್ಕು, ಐದು ಎಂದು ಹೆಜ್ಜೆ ಹಾಕಿದರಾಯಿತು. ಅದನ್ನೇ ಕನ್ನಡಕ್ಕೆ ತಂದು ಕ, ಗ, ಚ, ಞ ಎಂದು ಕೊಟ್ಟಿದ್ದಾರೆ. ಉತ್ತರ ಣ. ಆದರೆ ಎಣಿಸುವಾಗ ಬಳಕೆಯಲ್ಲಿ ಕಾಣಸಿಗದ ಙ ಒಂದನ್ನು ಮರೆತರೂ ಲೆಕ್ಕ ತಪ್ಪುತ್ತದೆ. ಇದು ಇಂಗ್ಲಿಷಿನ ಪ್ರಶ್ನೆಗಿಂತ ಕಷ್ಟದ್ದು, ತರ್ಕಕ್ಕಿಂತ ವರ್ಣಮಾಲೆಯ ನೆನಪನ್ನು ಹೆಚ್ಚು ಅಳೆಯುತ್ತದೆ. ಕನ್ನಡದ ಪ್ರಶ್ನೆಯನ್ನು ಕನ್ನಡದಲ್ಲಿ ಓದುವ ನೂರಾರು ಮಕ್ಕಳಿಗೆ ಮೊದಲೇ ಕೊಟ್ಟು ಅದರ ಕಷ್ಟದ ಮಟ್ಟವನ್ನು ಬೇರೆಯಾಗಿ ಕಂಡುಹಿಡಿಯಬೇಕು. ಅದು ಮಾಡಿದ್ದಾರೆಯೇ ಎಂದು ಕೇಳಿದರೆ ಸಹಾಯವಾಣಿಯಲ್ಲಿ ಕುಳಿತವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಸಹಾಯವಾಣಿ ಎಂದೆ. ಶನಿವಾರ ಆ ನಂಬರು ಎಂಗೇಜ್, ಭಾನುವಾರ ರಜೆ, ಸೋಮವಾರ ‘ಮೇಲ್ ಮಾಡಿ’. ಮೇಲ್‌ಗೆ ಬಂದದ್ದು ‘ನಿಮ್ಮ ದೂರು ಸ್ವೀಕೃತವಾಗಿದೆ’ ಎಂಬ ಯಂತ್ರದ ಉತ್ತರ. ಕಳೆದ ವರ್ಷವೂ ಇದೇ. ಫೋಟೊ 50 ಕೆಬಿ ದಾಟಬಾರದು, 20ಕ್ಕಿಂತ ಕಡಿಮೆಯೂ ಇರಬಾರದು ಎಂದು ಮೂರು ದಿನ ಸತಾಯಿಸಿ, ಕೊನೆಗೆ ಪರೀಕ್ಷೆಯ ದಿನಾಂಕವನ್ನೇ ಹಿಂದಿನ ರಾತ್ರಿ ಬದಲಿಸಿದರು. ಅದಕ್ಕೂ ಮುಂಚಿನ ವರ್ಷ ಒಬ್ಬರ ವರದಿ ಇನ್ನೊಬ್ಬರ ಲಾಗಿನ್‌ನಲ್ಲಿ ತೆರೆದುಕೊಂಡಿತ್ತು. ಒಬ್ಬ ಅಧಿಕಾರಿಯೂ ಕ್ಷಮೆ ಕೇಳಲಿಲ್ಲ. ಪ್ರತಿ ಸಲವೂ ‘ನಿಮ್ಮ ಮನೆಯ ನೆಟ್ ಸರಿಯಿಲ್ಲ’ ಎನ್ನುತ್ತಾರೆ. ಮನೆಯ ನೆಟ್ ಕೈಕೊಡುತ್ತದೆ ಎಂದು ಗೊತ್ತಿದ್ದೂ ಅದಕ್ಕೆ ತಕ್ಕಂತೆ ಪರೀಕ್ಷೆ ಕಟ್ಟದವರದ್ದೇ ತಪ್ಪು.

ಕಟ್ಟುವುದು ದೊಡ್ಡ ವಿದ್ಯೆಯೂ ಅಲ್ಲ. ಚಿತ್ರ ಪೂರ್ತಿ ಇಳಿದಿದೆ ಎಂದು ಮಗುವಿನ ಕಂಪ್ಯೂಟರ್ ತಿಳಿಸಿದ ಮೇಲೆಯೇ ಟೈಮರ್ ಶುರುವಾಗಬೇಕು. ಮಗು ಒಂದು ಪ್ರಶ್ನೆ ಬಿಡಿಸುತ್ತಿರುವಾಗಲೇ ಸರಿಯಾದರೆ ಬರುವ ಪ್ರಶ್ನೆ, ತಪ್ಪಾದರೆ ಬರುವ ಪ್ರಶ್ನೆ ಎರಡನ್ನೂ ಹಿನ್ನೆಲೆಯಲ್ಲಿ ಇಳಿಸಿಟ್ಟುಕೊಂಡರೆ ಎರಡು ನಿಮಿಷ ನೆಟ್ ಹೋದರೂ ಮಗುವಿಗೆ ಅಷ್ಟಾಗಿ ತಟ್ಟುವುದಿಲ್ಲ. ಪ್ರತಿ ಉತ್ತರವೂ ಸರ್ವರ್‌ನಲ್ಲಿ ಉಳಿದು, ಮರಳಿ ಲಾಗಿನ್ ಆದಾಗ ಅದೇ ಅಂದಾಜಿನಿಂದ ಮುಂದುವರಿಯಬೇಕು. ಇಷ್ಟೂ ಕೈಲಾಗದಿದ್ದರೆ ಪ್ರಶ್ನೆಗೊಮ್ಮೆ ಹೊಂದಿಸುವ ಹಟ ಬಿಟ್ಟು ಕಂತುಗಳಲ್ಲಿ ಹೊಂದಿಸಲಿ. 2023ರಿಂದ ಅಮೆರಿಕದ ಹೊರಗೆ, 2024ರಿಂದ ಅಮೆರಿಕದಲ್ಲಿ ನಡೆಯುತ್ತಿರುವ ಡಿಜಿಟಲ್ ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಹೀಗೆಯೇ ಇದೆ. ಪ್ರತಿ ವಿಭಾಗದಲ್ಲಿ ಎರಡು ಕಂತು, ಮೊದಲ ಕಂತು ಹೇಗಾಯಿತು ಎಂಬುದರ ಮೇಲೆ ಎರಡನೆಯದು. ಒಂದೇ ಕಂತಿನೊಳಗೆ ಹಿಂದೆ ಮುಂದೆ ಹೋಗಿ ಉತ್ತರ ತಿದ್ದಬಹುದು, ನಡುವೆ ನೆಟ್ ಹೋದರೂ ಬರೆಯುತ್ತಿರಬಹುದು.

ಈಗ ಆಗಬೇಕಾದದ್ದು: ಯಾವ ಪ್ರಶ್ನೆಯ ಚಿತ್ರ ಯಾರಿಗೆ ಇಳಿಯಲಿಲ್ಲ ಎಂಬುದು ಸರ್ವರ್‌ನ ಲಾಗ್‌ನಲ್ಲಿ ಸಿಗಬೇಕು. ಆ ಪ್ರಶ್ನೆಗಳನ್ನು ಕೊಟ್ಟೇ ಇಲ್ಲವೆಂದು ತೆಗೆದುಹಾಕಿ ಅಂಕ ಮತ್ತೆ ಲೆಕ್ಕ ಹಾಕಲಿ. ಇಲ್ಲವೇ ಎಲ್ಲರಿಗೂ ಮರುಪರೀಕ್ಷೆ ಮಾಡಲಿ. ಅದಕ್ಕೂ ಮೊದಲು ‘ದುರ್ಬಲ’ ಎಂದು ಬರೆದ ವರದಿಗಳನ್ನು ಹಿಂಪಡೆಯಲಿ, ‘ಧಕ್ಕೆಯಾಗಿಲ್ಲ’ ಎಂದ ಅಧಿಕಾರಿ ಆ 12 ಪ್ರಶ್ನೆಗಳ ಲೆಕ್ಕವನ್ನು ನಿಮ್ಮ ಪತ್ರಿಕೆಯಲ್ಲೇ ಬಿಡಿಸಿ ತೋರಿಸಲಿ. ತೋರಿಸಲಾಗದಿದ್ದರೆ ಮಕ್ಕಳನ್ನು ಅಳೆಯುವ ಕೆಲಸಕ್ಕೆ ಅವರು ಕೈಹಾಕುವುದೇ ಬೇಡ.

ಇಂತಿ,
ಪರೀಕ್ಷೆ ಬರೆದ ವಿದ್ಯಾರ್ಥಿಯ ಪೋಷಕರು